ಇಬ್ಬರು ಕೂಡಿ ಹೇಳುವ ಪಾಠ

ಇಬ್ಬರು ಕೂಡಿ ಅಡಿಗೆ ಮಾಡುವ ಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬೀಳುವುದುಂಟು. ಅವರು ಹಾಕಿದರೆಂದು ಇವರೂ, ಇವರು ಹಾಕಿದರೆಂದು ಅವರೂ ಸುಮ್ಮನಿದ್ದು ಬೀಳದೆಯೇ ಹೋಗುವುದೂ ಉಂಟು. ಇಬ್ಬರು ಸೇರಿ ಒಂದೇ ಕಮ್ಮಟವನ್ನು ನಡೆಸುವಲ್ಲಿಯೂ (ಹಿಂದೆ ಟಂಕಸಾಲೆಗೆ ಸಲ್ಲುತ್ತಿದ್ದ ಈ ಹೆಸರು ಈಗ ಪಾಠಕ್ಕೂ ಸಲ್ಲುತ್ತಿದೆ) ಇದೇ ಅಪಾಯವಿರುವುದು. ಕಳೆದ ತಿಂಗಳು ನಾವೂ ನಮ್ಮ ಸಹೋದ್ಯೋಗಿಗಳಾದ ಮಹಿಳೆಯೊಬ್ಬರೂ ಗೃಹಸ್ಥರಿಗೆ ಗಣಕದಲ್ಲಿ ಕನ್ನಡ ಬರೆಯುವುದನ್ನು ಕಲಿಸಲು ಎರಡು ದಿನಗಳ ಕಮ್ಮಟವನ್ನು ನಡೆಸಿದೆವು. ಇಬ್ಬರಿಗೂ ಅದು ಮೊದಲನೆಯದು. ಇಂಥ ಕಾರ್ಯಕ್ಕೆ ಹೊರಡುವ ವಾಚಕರಿಗೆ ಉಪಯೋಗವಾದೀತೆಂದು ಅದರ ವಿಚಾರವನ್ನು ಇಲ್ಲಿ ಬರೆಯುತ್ತೇವೆ.

ಗಂಟೆಗಳನ್ನು ಹಂಚಿಕೊಳ್ಳುವ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ಕಷ್ಟವಾದುದು ಅರ್ಕಾವೊತ್ತು. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಮೊದಲು ಯಕಾರವನ್ನು ಬರೆದು ಅದರ ಮುಂದೆ ಅರ್ಕಾವೊತ್ತನ್ನು ಇಡುತ್ತೇವೆ. ಕಿವಿಗಾದರೋ ರೇಫವೇ ಮೊದಲು. ಹಳೆಯ ಟೈಪ್‌ರೈಟರು ಕಣ್ಣಿನ ಕ್ರಮವನ್ನು ಅನುಸರಿಸುತ್ತಿತ್ತು. ಗಣಕವು ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ‘ರ’ವನ್ನು ಒತ್ತಿ, ಕೂಡಿಸುವ ‘ಎಫ್’ ಕೀಲಿಯನ್ನು ಒತ್ತಿ, ಆ ಬಳಿಕ ‘ಯ’ವನ್ನು ಒತ್ತತಕ್ಕದ್ದು. ನಮ್ಮ ಸಹೋದ್ಯೋಗಿಗಳು ಟೈಪ್‌ರೈಟರಿನಲ್ಲಿ ಕೈ ಪಳಗಿದವರು. ಹಿರಿಯರಿಗೆ ಅಕ್ಷರದ ಆಕಾರದಿಂದಲೇ ತಿಳಿಸಬೇಕೆಂಬುದು ಅವರ ಮತ. ಬಾಯಿಂದ ಬಿಡಿಸಿ ಹೇಳಿಸಿ ತರುವಾಯ ಕೀಲಿಗೆ ಬರಬೇಕೆಂಬುದು ನಮ್ಮದು. ಎರಡು ಸಂಜೆಗಳು ಈ ವಾದದಲ್ಲೇ ಕಳೆದವು. ಕೊನೆಗೆ ಅವರ ಅತ್ತೆಯವರನ್ನೇ ಕೂರಿಸಿ ಪರೀಕ್ಷಿಸಿದೆವು. ಆ ಹಿರಿಯರು ‘ಸೂರ್... ಯ’ ಎಂದು ಎಳೆದು ಹೇಳುತ್ತ ಎರಡನೆಯ ಸಲಕ್ಕೇ ಸರಿಯಾಗಿ ಒತ್ತಿದರು. ವಾದ ಅಲ್ಲಿಗೆ ನಿಂತಿತು. ಆದರೆ ಆ ಪಾಠವನ್ನು ಸಹೋದ್ಯೋಗಿಗಳೇ ಹೇಳಬೇಕೆಂದು ನಾವು ಒತ್ತಾಯಪಡಿಸಿದೆವು. ಕಣ್ಣಿನ ಅಭ್ಯಾಸವು ಕೈಯನ್ನು ಎಲ್ಲಿ ಎಡವಿಸುವುದೆಂಬುದು ಅವರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿರಲಿಲ್ಲ.

ಒಬ್ಬರು ಪಾಠ ಹೇಳುವಾಗ ಮತ್ತೊಬ್ಬರು ಏನು ಮಾಡಬೇಕೆಂಬುದನ್ನೂ ಮೊದಲೇ ನಿಶ್ಚಯಿಸಿದೆವು. 1998ರಲ್ಲಿ ಅಮೆರಿಕೆಯ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ವಿಜ್ಞಾನಿಗಳಿಗಾಗಿ ಆರಂಭವಾದ ‘ಸಾಫ್ಟ್‌ವೇರ್ ಕಾರ್ಪೆಂಟ್ರಿ’ ಎಂಬ ಗಣಕ ಪಾಠಗಳ ಕಮ್ಮಟಗಳಲ್ಲಿ ಎರಡು ಬಣ್ಣದ ಅಂಟುಚೀಟಿಗಳನ್ನು ಕೊಡುವ ಪದ್ಧತಿ ಬೆಳೆದುಬಂದಿದೆ: ಕೆಲಸವಾದರೆ ಒಂದು, ತೊಡಕಾದರೆ ಇನ್ನೊಂದು. ನಾವೂ ಹಸುರು, ಕೆಂಪು ಚೀಟಿಗಳನ್ನು ಹಂಚಿದೆವು. ಹಿಂದಿನಿಂದ ಕೂಗಿ ತಿದ್ದುವುದು ಸಲ್ಲದು; ನಿಲ್ಲಿಸಬೇಕಾದರೆ ನೀರಿನ ಲೋಟವನ್ನು ಎತ್ತಿ ತೋರಿಸಿದರೆ ಸಾಕು. ಹೊತ್ತು ಸಾಲದಿದ್ದರೆ ಅಕ್ಷರಶೈಲಿಗಳ ಪಾಠವನ್ನು ಬಿಡುವುದು.

ಮೊದಲ ದಿನ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಕುಳಿತಿದ್ದರು. ಊರಾಚೆಯ ತಂಗಿಗೆ ಬರೆಯುವ ಮಾತನ್ನೆಲ್ಲ ಮೊಮ್ಮಗಳ ಕೈಯಿಂದ ಬರೆಸುತ್ತಿದ್ದವರು; ಗುಟ್ಟಿನ ಮಾತನ್ನು ಹೇಗೆ ಬರೆಸುವುದೆಂದು ನಕ್ಕು ಕೇಳಿದ್ದರು. ದೈವವಶಾತ್ ಅವರ ಹೆಸರಿನಲ್ಲೇ ಅರ್ಕಾವೊತ್ತಿತ್ತು. ಹಸುರೂ ಇಲ್ಲ, ಕೆಂಪೂ ಇಲ್ಲ, ಕೈಗಳೆರಡೂ ಮಡಿಲಲ್ಲಿದ್ದವು. ಸಂಕೋಚವುಳ್ಳವರು ಚೀಟಿಯನ್ನೂ ಎತ್ತಲಾರರು. ಅದಕ್ಕಾಗಿಯೇ ಮತ್ತೊಬ್ಬರು ಹಿಂದೆ ಇರಬೇಕಾದುದು. ಹೀಗೆ ಸುಮ್ಮನೆ ಕುಳಿತವರು ಊಟಕ್ಕೆಂದು ಮನೆಗೆ ಹೋದರೆ ಮರಳಿ ಬರುವುದು ಅಪೂರ್ವ. ನಾವು ಲೋಟವನ್ನು ಎತ್ತಿದೆವು. ಸಹೋದ್ಯೋಗಿಗಳು ಕಾರಣವನ್ನು ಕೇಳದೆ ಪಾಠವನ್ನು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರನ್ನು ಬರೆಯುವಂತೆ ಹೇಳಿ ಹತ್ತು ನಿಮಿಷ ಬಿಟ್ಟುಕೊಟ್ಟರು. ನಾವು ಪಕ್ಕದಲ್ಲಿ ಕುಳಿತು, ಹೆಸರನ್ನು ನಿಧಾನವಾಗಿ ಹೇಳಿರೆಂದೆವು. ಅವರು ಹೇಳುತ್ತ ಹೇಳುತ್ತ ತಾವೇ ಒತ್ತಿದರು.

ಅಕ್ಷರಶೈಲಿಗಳ ಪಾಠ ಆ ದಿನ ಆಗಲಿಲ್ಲ. ಊಟದ ತರುವಾಯ ನಾವಿಬ್ಬರೂ ಬರುವಷ್ಟರಲ್ಲಿ ಆ ತಾಯಿ ಆಗಲೇ ಬಂದು ಕುಳಿತು, ತಂಗಿಗೆ ಬರೆಯತೊಡಗಿದ್ದರು; ನಾವು ಹತ್ತಿರ ಹೋದಾಗ ತೆರೆಯನ್ನು ಸೆರಗಿನಿಂದ ಮರೆಮಾಡಿಕೊಂಡರು.