ಸಿಹಿ ನೀರೆಂದರೆ ಸಾಕೇ? ಬೋರನ್ನು ಪರೀಕ್ಷಿಸಿದವರ್ಯಾರು?

ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕ್ಯಾನ್ ನೀರು ಕುಡಿಯುವ ನನ್ನಿವಾಳದ ಗೆಳೆಯರೇ, ಊರಲ್ಲಿ ನಿಮ್ಮ ಅಪ್ಪ-ಅವ್ವ ಕುಡಿಯುತ್ತಿರುವುದು ಯಾವ ನೀರು? 'ನಮ್ಮ ಬೋರಿನದು ಸಿಹಿ ನೀರು ಕಣ್ರೀ' ಎನ್ನುತ್ತೀರಿ. ಹಾಗೆಂದು ಹೇಳಿದ್ದು ಯಾರು? ನಾಲಿಗೆ! ನಾಲಿಗೆಗೆ ಸವಳು ಗೊತ್ತು. ಫ್ಲೋರೈಡ್ ಗೊತ್ತಾಗದು. ಆರ್ಸೆನಿಕ್ ಅಂತೂ ಬಣ್ಣವಿಲ್ಲದ, ವಾಸನೆಯಿಲ್ಲದ, ರುಚಿಯೂ ಇಲ್ಲದ ವಿಷ.

ಫ್ಲೋರೈಡ್ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಅಂಟಿದ ಹಳೇ ಶನಿ. ಕಂದು ಹಲ್ಲು, ಬಗ್ಗದ ಮೊಣಕಾಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಆರ್ಸೆನಿಕ್ ಎಂದರೆ ಮಾತ್ರ 'ಅದು ಬಂಗಾಳದ ಕತೆ' ಎಂದು ಕೈ ತೊಳೆದುಕೊಳ್ಳುತ್ತೇವೆ. ಹೌದೇ? ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಬಂಗಾಳದಲ್ಲಿದೆಯೇ? ಹಳೇ ಚಿನ್ನದ ಗಣಿಯ ಸೀಮೆಯ ಆ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿತು. ಜನರ ಮೈಮೇಲೆ ಚುಕ್ಕೆಗಳು, ದಡ್ಡುಗಟ್ಟಿದ ಅಂಗೈ, ಅಂಗಾಲು. ವರ್ಷಗಟ್ಟಲೆ ಕುಡಿದ ಮೇಲೆ ಕಾಣುವ ಗುರುತುಗಳಿವು; ಕ್ಯಾನ್ಸರ್ ಬರುವುದು ಇನ್ನೂ ತಡವಾಗಿ. ಚಿನ್ನ, ತಾಮ್ರದ ಅದಿರಿನ ಬಂಡೆಗಳಲ್ಲಿ ಆರ್ಸೆನಿಕ್ ಖನಿಜವೂ ಅಡಗಿರುವುದುಂಟು. ನಮ್ಮ ಚಿತ್ರದುರ್ಗದ ಇಂಗಳದಾಳಿನಲ್ಲಿ ತಾಮ್ರ ತೆಗೆದದ್ದು ಮರೆತಿರಾ? ನನ್ನಿವಾಳದ ನೀರಲ್ಲಿ ವಿಷವಿದೆ ಎಂದು ಹೆದರಿಸುತ್ತಿಲ್ಲ. ಪರೀಕ್ಷೆ ಮಾಡಿಸದೆ 'ಇಲ್ಲ' ಎನ್ನುವ ಭಂಡ ಧೈರ್ಯ ಬೇಡ, ಅಷ್ಟೇ.

ಪಂಚಾಯ್ತಿ ನಲ್ಲಿಯ ನೀರಿಗಾದರೂ ಸರ್ಕಾರ ಜವಾಬು ಹೇಳಬೇಕು. ಹೊಲದ, ಹಿತ್ತಲ ಸ್ವಂತ ಬೋರಿಗೆ ದಿಕ್ಕು ನೀವೇ. ಫಿಲ್ಟರ್ ಮಾರುವವನು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ 'ಒಳ್ಳೇ ನೀರು ಸಾರ್' ಎಂದರೆ ನಂಬಬೇಡಿ. ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಆ ಮೀಟರ್ ಎಣಿಸುವುದೇ ಇಡೀ ಮಿಲಿಗ್ರಾಂಗಳಲ್ಲಿ! ಕುದಿಸಿದರೂ ಹೋಗದು. ನೀರು ಆವಿಯಾಗುತ್ತದೆ, ವಿಷ ತಳದಲ್ಲೇ ಉಳಿಯುತ್ತದೆ.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಹೋಗಿ. ಜಲಜೀವನ್ ಮಿಷನ್ ಬಂದ ಮೇಲೆ ಅವು ಸಾಮಾನ್ಯ ಜನರಿಗೂ ತೆರೆದಿವೆ, ಶುಲ್ಕವೂ ಅಲ್ಪ. ನೀರು ಯಾವ ಬಾಟಲಿಯಲ್ಲಿ ತರಬೇಕೆಂದು ಮೊದಲೇ ವಿಚಾರಿಸಿ. 'ಫ್ಲೋರೈಡೂ ನೋಡಿ, ಆರ್ಸೆನಿಕ್ಕೂ ನೋಡಿ' ಎಂದು ಹೆಸರು ಹಿಡಿದು ಕೇಳಿ. ಫ್ಲೋರೈಡ್ 1.5, ಆರ್ಸೆನಿಕ್ 0.01 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲೂ ಬೇಡ, ಅಡುಗೆಗೂ ಬೇಡ. ಬಟ್ಟೆ ಒಗೆಯಲು ಇರಲಿ. ಇನ್ನೊಂದು ಮಾತು. ವರದಿಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸುಮ್ಮನೆ ಮಡಚಿ ಜೇಬಿಗಿಡಬೇಡಿ! ಕನ್ನಡ ಆಡಳಿತ ಭಾಷೆ ಎಂಬ ಕಾಯಿದೆ 1963ರಲ್ಲೇ ಆಗಿದೆ. ಕುಡಿಯುವವಳು ನಿಮ್ಮವ್ವ. ಅವಳಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆಸಿಕೊಂಡು, ಬೋರಿನ ಸ್ಟಾರ್ಟರ್ ಡಬ್ಬಿಯ ಮೇಲೆ ಅಂಟಿಸಿ ಬನ್ನಿ.