ರೋಗಿಯಷ್ಟೇ ಅಲ್ಲ, ಊರನ್ನೂ ಪರೀಕ್ಷಿಸಿ

ಉಳಿದ ಆಂಟಿಬಯಾಟಿಕ್‌ಗಳು ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಔಷಧ ಕಾರ್ಬಪೆನೆಮ್. 2009ರಲ್ಲಿ ಮುಂಬಯಿಯ ಮಾಹಿಮ್‌ನ ಹಿಂದೂಜಾ ಆಸ್ಪತ್ರೆಯ ವೈದ್ಯರು ಅದಕ್ಕೂ ಬಗ್ಗದ 24 ಬ್ಯಾಕ್ಟೀರಿಯಾ ಮಾದರಿಗಳನ್ನು ಪರೀಕ್ಷಿಸಿದರು. 22ರಲ್ಲಿ ಎನ್‌ಡಿಎಂ-1 ಎಂಬ ಪ್ರತಿರೋಧ ವಂಶವಾಹಿ ಸಿಕ್ಕಿತು. 2010ರ ಮಾರ್ಚ್‌ನಲ್ಲಿ ಆ ವರದಿ ಪ್ರಕಟವಾಯಿತು. ಅಂದಿನಿಂದಲೂ ನಮ್ಮ ಎಚ್ಚರಿಕೆಯೆಲ್ಲ ಆಸ್ಪತ್ರೆಯ ಗೋಡೆಗಳೊಳಗೇ ಸುತ್ತುತ್ತಿದೆ. ವಂಶವಾಹಿ ಮಾತ್ರ ಆ ಗೋಡೆಗಳನ್ನು ಎಂದೋ ದಾಟಿದೆ.

ಇಂಥ ವಂಶವಾಹಿಗಳು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತವೆ. ಒಂದು ಬ್ಯಾಕ್ಟೀರಿಯಾ ಅದನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಬೇರೆ ಜಾತಿಯದಕ್ಕೂ, ದಾಟಿಸಬಲ್ಲದು. ಹೀಗೆ ಅವು ಗಟ್ಟಿಮುಟ್ಟಾಗಿರುವವರ ಕರುಳನ್ನೂ ಸೇರುತ್ತವೆ. ಜ್ವರವಿಲ್ಲ, ನೋವಿಲ್ಲ, ಹೊತ್ತವರಿಗೆ ಸುಳಿವೂ ಇಲ್ಲ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಭಾರತಕ್ಕೆ ಬಂದುಹೋದ 8 ಆರೋಗ್ಯವಂತ ಪ್ರವಾಸಿಗರ ಪೈಕಿ 7 ಮಂದಿ, ಸೆಫಲೊಸ್ಪೊರಿನ್ ಎಂಬ ಆಂಟಿಬಯಾಟಿಕ್‌ಗಳನ್ನು ನಿಷ್ಫಲಗೊಳಿಸುವ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿಟ್ಟುಕೊಂಡು ಮರಳಿದ್ದರು. ಸಣ್ಣ ಸಂಖ್ಯೆ ನಿಜ, ಆದರೆ ಅವರು ಕೆಲವೇ ದಿನಗಳ ಅತಿಥಿಗಳು. ನಾವು ಇಲ್ಲಿಯೇ ಉಣ್ಣುವವರು, ಇಲ್ಲಿಯ ನೀರು ಕುಡಿಯುವವರು. ಮುಂದೊಂದು ದಿನ ಶಸ್ತ್ರಚಿಕಿತ್ಸೆ, ಮೂತ್ರನಾಳದ ಸೋಂಕು ಅಥವಾ ಕಿಮೊಥೆರಪಿ ಎದುರಾದಾಗ, ಸುಮ್ಮನಿದ್ದ ಆ ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯದ ಕಾಯಿಲೆಯಾಗಿ ಏಳಬಹುದು.

ಲಕ್ಷಣವಿಲ್ಲದವರಲ್ಲಿ ಹರಡುವ ಸೋಂಕನ್ನು ಪತ್ತೆಹಚ್ಚುವುದು ಮುಂಬಯಿಗೆ ಹೊಸತಲ್ಲ. ಪೋಲಿಯೊ ವೈರಸ್ ಹೊಕ್ಕ ಸುಮಾರು 200 ಮಂದಿಯಲ್ಲಿ ಒಬ್ಬರಿಗಷ್ಟೇ ಪಾರ್ಶ್ವವಾಯು ಬಡಿಯುತ್ತದೆ. ರೋಗಿಗಳನ್ನಷ್ಟೇ ಎಣಿಸಿದ್ದರೆ ವೈರಸ್ ಕಣ್ತಪ್ಪಿಸಿಕೊಳ್ಳುತ್ತಿತ್ತು. ಆದ್ದರಿಂದ 2001ರಿಂದಲೇ ಮುಂಬಯಿಯ ಚರಂಡಿ ನೀರಿನ ಮಾದರಿ ತೆಗೆದು ಪರೇಲ್‌ನ ಎಂಟರೊವೈರಸ್ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. 2014ರ ಮಾರ್ಚ್ 27ರಂದು ಭಾರತಕ್ಕೆ ಸಿಕ್ಕ ಪೋಲಿಯೊಮುಕ್ತ ಪ್ರಮಾಣಪತ್ರದ ಹಿಂದೆ ಈ ಶ್ರಮವೂ ಇದೆ. ಅದೇ ಶ್ರದ್ಧೆ ಪ್ರತಿರೋಧ ವಂಶವಾಹಿಗಳಿಗೂ ಸಲ್ಲಬೇಕು.

ಅದಕ್ಕೆ ಇದೇ ತಕ್ಕ ಕಾಲ. ವರ್ಲಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಭಾಂಡುಪ್, ಘಾಟ್ಕೋಪರ್‌ಗಳ ಹೊಸ ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಒಳಬರುವ ಮತ್ತು ಹೊರಹೋಗುವ ನೀರಿನಲ್ಲಿ ಈ ವಂಶವಾಹಿಗಳನ್ನು ನಿಯಮಿತವಾಗಿ ಅಳೆಯುವುದು ಪ್ರತಿ ಘಟಕದ ಕರ್ತವ್ಯವಾಗಬೇಕು. ಹೊರಹೋಗುವ ನೀರಿನಲ್ಲಿ ಅವು ಎಷ್ಟು ಉಳಿದಿವೆ ಎಂಬುದೇ ಶುದ್ಧೀಕರಣದ ನಿಜವಾದ ಪರೀಕ್ಷೆ.

ಔಷಧ ಅಂಗಡಿಯ ಕಡೆಗೂ ಕಣ್ಣಿಡಬೇಕು. ಪ್ರಬಲ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು ಎಂಬ ಎಚ್-1 ಪಟ್ಟಿಯ ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ರಾಜ್ಯದ ಆಹಾರ ಮತ್ತು ಔಷಧ ಆಡಳಿತ ಆ ರಿಜಿಸ್ಟರುಗಳನ್ನು ಅಂಗಡಿ ಅಂಗಡಿಗೆ ಹೋಗಿ ತೆರೆದು ನೋಡಲಿ. ನೆಗಡಿ, ಕೆಮ್ಮಿಗೆ ಮಾತ್ರೆ ಕೇಳುವ ಅಭ್ಯಾಸವನ್ನು ನಾವೂ ಬಿಡೋಣ.

ಆದರೆ ಹೊಣೆಯನ್ನೆಲ್ಲ ರೋಗಿಯ ಶಿಸ್ತಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಒಂದು ಮಾತ್ರೆಯನ್ನೂ ನುಂಗದ ಮಗುವಿಗೂ ಈ ವಂಶವಾಹಿ ನೀರಿನಿಂದ, ಕೈಯಿಂದ ತಲುಪಬಹುದು. ಆ ಮಗುವನ್ನು ಕಾಯಬೇಕಾದುದು ಮಹಾನಗರಪಾಲಿಕೆ. ಅಳತೆಯ ಫಲಿತಾಂಶವನ್ನು ವಾರ್ಡುವಾರು, ಪ್ರತಿ ವರ್ಷ ಜನರ ಮುಂದಿಡುವುದರಿಂದ ಅದು ಕೆಲಸ ಆರಂಭಿಸಲಿ.