ಪೈರಿನ ದೀಪವೂ ಮನೆಯ ತಂತಿಯೂ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಯಂತ್ರಗಳನ್ನು ತಿರುಗಿಸುವುದೂ ಕತ್ತಲೆಯನ್ನು ಕಳೆಯುವುದೂ ಆ ಶಕ್ತಿಯ ಕೆಲಸಗಳೆಂದು ಅಂದಿನ ಜನರು ಭಾವಿಸಿದ್ದರು. ಈಗ ಅದು ಪೈರಿಗೆ ಬಿಸಿಲಿನ ಸ್ಥಾನದಲ್ಲಿಯೂ ನಿಂತಿದೆ. ಚಿಕ್ಕಬಳ್ಳಾಪುರ ಮೊದಲಾದ ಕಡೆಗಳ ಸೇವಂತಿಗೆ ತೋಟಗಳಲ್ಲಿ ರಾತ್ರಿಯ ಹೊತ್ತು ದೀಪಗಳ ಸಾಲು ಉರಿಯುವುದನ್ನು ದಾರಿಹೋಕರು ಕಾಣುತ್ತಾರೆ. ಸಸಿಗಳನ್ನೂ, ಸೊಪ್ಪನ್ನೂ, ಕೇಸರಿಯಂತಹ ಬೆಲೆಯುಳ್ಳ ಪೈರನ್ನೂ ಕೋಣೆಯೊಳಗೆ ದೀಪದ ಕೆಳಗೆ ಬೆಳೆಯುವವರೂ ಉಂಟು. ಈ ಸಾಹಸವು ಶ್ಲಾಘನೀಯವಾದುದೇ ಸರಿ. ಆದರೆ ಇಂತಹ ದೀಪಗಳಿಗೆ ಬೇಕಾದ ವಿದ್ಯುತ್ತನ್ನು ವಾಸದ ಮನೆಯ ತಂತಿಯಿಂದಲೇ ಎಳೆದುಕೊಳ್ಳುವ ಅಭ್ಯಾಸವು ಶ್ಲಾಘನೀಯವಲ್ಲ. ಅದನ್ನು ನಿಲ್ಲಿಸುವುದು ಜಮೀನುದಾರರ ಕರ್ತವ್ಯವಾಗಿದೆ.

ಮನೆಯ ತಂತಿಗಳನ್ನು ಹಾಕಿರುವುದು ಮನೆಯ ಕೆಲಸಕ್ಕಾಗಿ. ರುಬ್ಬುವ ಯಂತ್ರವು ಕಾಲು ಗಂಟೆ ತಿರುಗಿ ನಿಲ್ಲುತ್ತದೆ. ಇಸ್ತ್ರಿ ಪೆಟ್ಟಿಗೆಯು ಅರ್ಧ ಗಂಟೆ ಕಾದು ತಣಿಯುತ್ತದೆ. ನಡುವೆ ತಂತಿಗೆ ವಿಶ್ರಾಂತಿಯುಂಟು. ಪೈರಿನ ದೀಪವಾದರೋ ದಿನಕ್ಕೆ 12 ಗಂಟೆ, ಕೆಲವು ಪೈರುಗಳಿಗೆ 16 ಗಂಟೆ, ಎಡೆಬಿಡದೆ ಉರಿಯುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನು ತಾಳಿಕೊಂಡ ತಂತಿಯು ಅಷ್ಟೇ ವಾಟಿನ ಪೈರಿನ ದೀಪವನ್ನೂ ತಾಳಿಕೊಳ್ಳುವುದೆಂದು ನಂಬುವುದು ಇದರಿಂದಲೇ ತಪ್ಪಾಗುತ್ತದೆ.

ಲೆಕ್ಕವು ಕಠಿನವಾದುದೇನೂ ಅಲ್ಲ. ದೀಪದ ವಾಟುಗಳನ್ನು 230 ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರುಗಳು ಹೆಚ್ಚುಕಡಮೆ ದೊರೆಯುತ್ತವೆ. 1000 ವಾಟಿನ ಒಂದು ದೀಪವು ಸುಮಾರು ನಾಲ್ಕೂಕಾಲು ಆಂಪಿಯರನ್ನು ಎಳೆಯುತ್ತದೆ. ಗೋಡೆಯ ಚಿಕ್ಕ ಪ್ಲಗ್ಗು 6 ಆಂಪಿಯರಿನದು; ಅಂತಹ ದೀಪಗಳೆರಡನ್ನು ಅದು ಹೊರಲಾರದು. ದೊಡ್ಡ ಪ್ಲಗ್ಗು 16 ಆಂಪಿಯರಿನದು. ಗಂಟೆಗಟ್ಟಲೆ ಉರಿಯುವ ಭಾರವನ್ನು ಮಿತಿಯ ಐದರಲ್ಲಿ ನಾಲ್ಕು ಪಾಲಿಗೆ ನಿಲ್ಲಿಸುವುದು ವಿವೇಕವಾದ ಕ್ರಮ. ಆಗ ಉಳಿಯುವುದು 13 ಆಂಪಿಯರಿಗೂ ತುಸು ಕಡಮೆ. ಅಂತಹ ದೀಪಗಳು ಮೂರಾದರೆ ಆ ಗೆರೆಯು ದಾಟಿತೆಂದೇ ತಿಳಿಯಬೇಕು. ಸೋಡಿಯಂ ದೀಪಗಳಲ್ಲಿ ಅದರ ಚೋಕು ಬೇರೆಯಾಗಿ ವಿದ್ಯುತ್ತನ್ನು ತೆಗೆದುಕೊಳ್ಳುವುದರಿಂದ, ದೀಪದ ಮೇಲಿನ ಅಂಕಿಯನ್ನು ಮಾತ್ರ ನೋಡದೆ ಇಡೀ ಸಲಕರಣೆಯ ಆಂಪಿಯರನ್ನು ನೋಡತಕ್ಕದ್ದು. ಕೋಣೆಯನ್ನು ತಂಪುಮಾಡುವ ಯಂತ್ರವೂ ಅದೇ ತಂತಿಗೆ ಸೇರಿದ್ದರೆ ಅದರ ಭಾರವನ್ನೂ ಕೂಡಿಸಬೇಕು.

ಕೆರೆಯ ತೂಬಿನಿಂದ ಹೊರಟ ಕಿರುಗಾಲುವೆಗೆ ಅದರ ಅಳತೆಯನ್ನು ಮೀರಿ ನೀರು ಬಿಟ್ಟರೆ ಬದುವು ಒಡೆಯುವುದೆಂದು ಪ್ರತಿಯೊಬ್ಬ ರೈತನೂ ಬಲ್ಲನು. ಕಾಲುವೆ ಒಡೆದರೆ ಕಣ್ಣಿಗೆ ಕಾಣುತ್ತದೆ; ತಂತಿಯು ಗೋಡೆಯೊಳಗೆ ಕಾದರೆ ಕಾಣುವುದಿಲ್ಲ. ವಿದ್ಯುತ್ಪ್ರವಾಹವು ಎರಡು ಪಾಲಾದರೆ ತಂತಿಯಲ್ಲಿ ಹುಟ್ಟುವ ಶಾಖವು ಎರಡು ಪಾಲಲ್ಲ, ನಾಲ್ಕು ಪಾಲಾಗುತ್ತದೆ. ಸಾಧಾರಣವಾದ ತಂತಿಯ ಹೊದಿಕೆಯು 70 ಡಿಗ್ರಿ ಸೆಂಟಿಗ್ರೇಡಿನವರೆಗಿನ ಶಾಖಕ್ಕೆ ತಕ್ಕಂತೆ ಮಾಡಲ್ಪಟ್ಟದ್ದು. ಅದನ್ನು ಮೀರಿದ ಮೇಲೆ ಬಿರುಸಾಗಿ, ಬಿರಿದು, ಕೊನೆಗೆ ಸುಡುತ್ತದೆ. ಸಡಿಲವಾದ ತಿರುಪು, ಕೈಯಿಂದ ತಿರುಚಿ ಸೇರಿಸಿದ ಗಂಟು, ಇವುಗಳಲ್ಲಿ ಶಾಖವು ಇನ್ನೂ ಬೇಗ ಏರುತ್ತದೆ. ಹಳ್ಳಿಗಳಲ್ಲಿ ವೋಲ್ಟು ಇಳಿಯುವುದುಂಟಷ್ಟೆ. ಎಲ್‌ಇಡಿ ದೀಪಗಳು ಅನೇಕವು ಆಗ ಮಂಕಾಗುವುದಿಲ್ಲ. ಅದೇ ಬೆಳಕನ್ನು ಕೊಡುವುದಕ್ಕಾಗಿ ಹೆಚ್ಚು ಪ್ರವಾಹವನ್ನು ಎಳೆಯುತ್ತವೆ. 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರು ಎಳೆದದ್ದು 180 ವೋಲ್ಟಿನಲ್ಲಿ ಐದೂವರೆ ಆಂಪಿಯರನ್ನು ಎಳೆದೀತು. ಬೆಳಕು ಚೆನ್ನಾಗಿದೆಯೆಂದು ಯಜಮಾನನು ನಿಶ್ಚಿಂತನಾಗಿರುವಾಗಲೇ ತಂತಿಯ ಭಾರವು ಹೆಚ್ಚಿರುತ್ತದೆ.

ಇಂತಹ ಸಮಯದಲ್ಲಿ ಫ್ಯೂಜು ಕರಗಿದರೆ ಅದು ಎಚ್ಚರಿಕೆಯ ಕೂಗು. ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನು ಕಟ್ಟುವುದು, ಅಥವಾ ಎಂಸಿಬಿಯನ್ನು ತೆಗೆದು ಹೆಚ್ಚು ಆಂಪಿಯರಿನದನ್ನು ಕೂಡಿಸುವುದು, ಬೊಗಳುವ ನಾಯಿಯ ಬಾಯನ್ನು ಕಟ್ಟಿ ನಿದ್ರೆಹೋದಂತೆ. ಎಂಸಿಬಿಯು ತಂತಿಯನ್ನು ಕಾಯುವುದಕ್ಕಾಗಿ ಇರತಕ್ಕದ್ದು. ತಂತಿಯನ್ನು ಬದಲಾಯಿಸದೆ ಅದನ್ನು ಮಾತ್ರ ದೊಡ್ಡದು ಮಾಡಕೂಡದು.

ಬೇರೆ ತಂತಿ ಹಾಕಿಸಲು ಖರ್ಚು ಹೆಚ್ಚೆಂಬ ಆಕ್ಷೇಪಣೆಯುಂಟು. ಆಕ್ಷೇಪಣೆಯು ನಿಜವಾದರೂ ಬಲವಾದುದಲ್ಲ. ಮೀಟರಿನ ಹಲಗೆಯಿಂದ ಪೈರಿನ ದೀಪಗಳಿಗಾಗಿಯೇ ಹೊರಟ ಪ್ರತ್ಯೇಕವಾದ ತಾಮ್ರದ ತಂತಿ, 16 ಆಂಪಿಯರಿನ ಭಾರಕ್ಕೆ 2.5 ಚದರ ಮಿಲಿಮೀಟರಿಗೆ ಕಡಮೆಯಿಲ್ಲದ್ದು, ದೂರ ಹೆಚ್ಚಾದರೆ 4 ಚದರ ಮಿಲಿಮೀಟರಿನದು. ಅದಕ್ಕೆ ತಕ್ಕ ಎಂಸಿಬಿ. ಸೋರುವ ವಿದ್ಯುತ್ತನ್ನು ಅರಿತು ಕೂಡಲೆ ಸರಬರಾಜನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಸರಿಯಾದ ಅರ್ಥಿಂಗು: ಇಷ್ಟನ್ನು ಪರವಾನಗಿಯುಳ್ಳವರಿಂದ ಒಂದೇ ಸಾರಿ ಮಾಡಿಸಿದರೆ ಹಲವು ವರ್ಷ ನಿಲ್ಲುತ್ತದೆ. ಕೊಟ್ಟಿಗೆಯ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಆಗುವ ನಷ್ಟದ ಮುಂದೆ ಈ ಖರ್ಚು ಯಾವ ಲೆಕ್ಕ?

ಇದರಲ್ಲಿ ಕಾನೂನಿನ ಮಾತೂ ಇದೆ. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೊಂದಕ್ಕೆ ವಿದ್ಯುತ್ತನ್ನು ಉಪಯೋಗಿಸುವುದನ್ನು 2003ನೆಯ ಇಸವಿಯ ವಿದ್ಯುಚ್ಛಕ್ತಿ ಕಾಯಿದೆಯ 126ನೆಯ ಪ್ರಕರಣವು ಅನಧಿಕೃತವೆಂದು ಎಣಿಸಿ, ದರದ ಎರಡರಷ್ಟನ್ನು ವಿಧಿಸುತ್ತದೆ. 1000 ವಾಟಿನ ಒಂದೇ ದೀಪವು ದಿನಕ್ಕೆ 12 ಗಂಟೆ ಉರಿದರೂ ತಿಂಗಳಿಗೆ 360 ಯೂನಿಟ್ಟಾಗುತ್ತದೆ. ಇದು ಬಹುಕಾಲ ಮರೆಯಾಗಿರತಕ್ಕ ವಿಷಯವಲ್ಲ. ಮಾರಾಟದ ಪೈರಿಗಾಗಿ ದೀಪ ಹಾಕುವವರು ವಿದ್ಯುತ್ ಕಂಪೆನಿಯ ಕಛೇರಿಯಲ್ಲಿ ವಿಚಾರಿಸಿ, ತಕ್ಕ ಸಂಪರ್ಕವನ್ನೂ ಬೇಕಾದಷ್ಟು ಭಾರದ ಮಂಜೂರಾತಿಯನ್ನೂ ಮೊದಲೇ ಪಡೆಯುವುದು ಮೇಲು.

ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಷ್ಟು ದೊಡ್ಡ ದೀಪವು ನಿಜವಾಗಿಯೂ ಬೇಕೇ? ಹಗಲಿರುಳುಗಳ ಪ್ರಮಾಣವೇ ಅನೇಕ ಗಿಡಗಳ ಹೂಬಿಡುವ ಕಾಲವನ್ನು ಗೊತ್ತುಮಾಡುವುದೆಂದು ಅಮೆರಿಕದ ವ್ಯವಸಾಯ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಸೇವಂತಿಗೆಯು ದೀರ್ಘವಾದ ಕತ್ತಲೆಯನ್ನು ಕಂಡು ಮೊಗ್ಗು ಹಿಡಿಯುವ ಗಿಡ. ಗಿಡವು ಎತ್ತರವಾಗುವವರೆಗೆ ಮೊಗ್ಗನ್ನು ತಡೆಯುವುದಕ್ಕೆ ನಡುರಾತ್ರಿಯಲ್ಲಿ ಕೆಲವು ಗಂಟೆಗಳ ಮಂದವಾದ ಬೆಳಕೇ ಸಾಕು. ನೂರು ವಾಟಿನ 50 ಹಳೆಯ ಬಲ್ಬುಗಳು 5000 ವಾಟನ್ನು ನುಂಗಿದರೆ, 12 ವಾಟಿನ 50 ಎಲ್‌ಇಡಿ ಬಲ್ಬುಗಳಿಗೆ 600 ವಾಟು ಸಾಕು. ಬಿಸಿಲೇ ಇಲ್ಲದ ಕೋಣೆಯೊಳಗಿನ ಪೈರಿಗೆ ಮಾತ್ರ ಪ್ರಬಲವಾದ ದೀಪವು ಅಗತ್ಯವಾದುದು. ಪೈರಿನ ಅಗತ್ಯವನ್ನು ತಿಳಿಯದೆ ವಾಟುಗಳನ್ನು ಹೆಚ್ಚಿಸುವುದು ಹಣವನ್ನೂ ತಂತಿಯನ್ನೂ ಒಟ್ಟಿಗೆ ಸುಡುವುದಾಗಿದೆ.

ಕೊನೆಯದಾದರೂ ಅತ್ಯಂತ ಮುಖ್ಯವಾದ ಮಾತು ಆಳುಮಕ್ಕಳದು. ದೀಪದಿಂದ ಬರುವ ಲಾಭವು ಜಮೀನುದಾರನಿಗೆ. ಇಬ್ಬನಿ ಬಿದ್ದ ಮಡಿಯಲ್ಲಿ, ಒದ್ದೆಯ ಬರಿಗಾಲಿನಲ್ಲಿ ನಿಂತು ಆ ತಂತಿಯ ಕೆಳಗೆ ನೀರು ಕಟ್ಟುವವನು ಕೂಲಿಯವನು. ಹೊದಿಕೆ ಹರಿದ ತಂತಿಯನ್ನು ಅವನ ಕೈಯೇ ಮುಟ್ಟುತ್ತದೆ. ಮನೆಯೊಳಗಿನ ಉಪಯೋಗಕ್ಕೆಂದು ಮಾಡಿದ ಹೋಲ್ಡರನ್ನು ಬಯಲಿನಲ್ಲಿ ತೂಗುಹಾಕುವುದು, ಪ್ಲಗ್ಗಿನ ಹಲಗೆಯನ್ನು ನೆಲದ ಮೇಲಿಡುವುದು, ಅರ್ಥಿಂಗಿನ ತಂತಿಯನ್ನು ಕತ್ತರಿಸಿಬಿಡುವುದು, ಇವು ಯಜಮಾನನ ಪಾಲಿಗೆ ಸಣ್ಣ ಉಳಿತಾಯಗಳು. ಆ ಬಡವನ ಪಾಲಿಗೆ ಪ್ರಾಣಾಪಾಯ. ನೀರು ತಾಕದ ಹೋಲ್ಡರು, ಆಳೆತ್ತರಕ್ಕೆ ಮೀರಿ ಕಟ್ಟಿದ ತಂತಿ, ತಿಂಗಳಿಗೊಮ್ಮೆ ಗುಂಡಿಯೊತ್ತಿ ಪರೀಕ್ಷಿಸಿದ ಆರ್‌ಸಿಸಿಬಿ, ದೀಪ ಬದಲಿಸುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸುವ ನಿಯಮ, ಇವು ಅವನಿಗೆ ಸಲ್ಲತಕ್ಕ ರಕ್ಷಣೆಗಳು. ಇವನ್ನು ಕೊಡಲಾರದವನು ಪೈರಿಗೆ ದೀಪ ಹಚ್ಚುವ ಗೋಜಿಗೆ ಹೋಗದಿರುವುದೇ ಲೇಸು.

ಗ್ರಾಮದ ಮುಖಂಡರು ತಮ್ಮ ತಮ್ಮ ಊರುಗಳಲ್ಲಿ ಇಂತಹ ದೀಪಗಳಿರುವ ತೋಟಗಳನ್ನೂ ಕೋಣೆಗಳನ್ನೂ ಒಮ್ಮೆ ಸ್ವತಃ ನೋಡಿ, ತಂತಿಯ ಪರೀಕ್ಷೆಯನ್ನು ಮಾಡಿಸುವುದು ಯುಕ್ತವಾಗಿದೆ. ಹಿರಿಯರು ತಮ್ಮ ಮನೆಯಲ್ಲಿಯೇ ಮೊದಲು ಸರಿಪಡಿಸಿದರೆ ಊರು ತಾನಾಗಿಯೇ ಅನುಸರಿಸುವುದು.